ಆಲ್‌ರೌಂಡರ್ ಜಗಳ ಮೈದಾನಕ್ಕೆ ಇಳಿದದ್ದು

ನನ್ನ ಅಪ್ಪನಿಗೂ ಚಾಚಾನಿಗೂ ಇರುವ ಜಗಳ ನನಗಿಂತ ಹಳೆಯದು. ಅವ್ವನನ್ನು ಕೇಳಿದರೆ ಅವಳ ಮದುವೆಗಿಂತಲೂ ಹಳೆಯದು. ಟೆಸ್ಟ್ ಕ್ರಿಕೆಟ್ಟಿನಲ್ಲಿ ಎಲ್ಲರಿಗಿಂತ ದೊಡ್ಡ ಆಲ್‌ರೌಂಡರ್ ಯಾರು ಎಂಬುದೇ ಆ ಜಗಳ. ಚಾಚಾ ನಮ್ಮ ರಕ್ತಸಂಬಂಧಿಯಲ್ಲ. ಹುಬ್ಬಳ್ಳಿ ಪೇಟೆಯಲ್ಲಿ ಬಟ್ಟೆಯ ಸಗಟು ವ್ಯಾಪಾರ ಮಾಡಿ, ಈಗ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟಿರುವ ಅಪ್ಪನ ಗೆಳೆಯ. ಅಪ್ಪ ರೈಲ್ವೆಯಲ್ಲಿ ಗುಮಾಸ್ತರಾಗಿದ್ದವರು. ಹರೆಯದಲ್ಲಿ ಇಬ್ಬರೂ ಒಂದೇ ಕ್ಲಬ್ಬಿಗೆ ಆಡುತ್ತಿದ್ದರು. ಅಪ್ಪನಿಗೆ ಬೌಲಿಂಗ್ ಬರುತ್ತಿರಲಿಲ್ಲ, ಚಾಚಾನಿಗೆ ಬ್ಯಾಟಿಂಗ್ ಬರುತ್ತಿರಲಿಲ್ಲ. ಎರಡೂ ಬಲ್ಲವನ ಬಗ್ಗೆ ಇಬ್ಬರಿಗೂ ಅಷ್ಟೊಂದು ಭಕ್ತಿ ಇರುವುದು ಬಹುಶಃ ಅದಕ್ಕೇ.

ಭಾನುವಾರ ಸಂಜೆ ದೇಶಪಾಂಡೆ ನಗರದ ನನ್ನ ತವರುಮನೆಯ ಕಟ್ಟೆಯ ಮೇಲೆ ಈ ಕಛೇರಿ ನಡೆಯುತ್ತದೆ. ನನ್ನ ಮನೆ ಅಲ್ಲಿಂದ ಎರಡು ಓಣಿ ಆಚೆ, ಹಾಗಾಗಿ ನಾನೂ ಹಾಜರು. ನಾನು ಹುಡುಗಿಯರ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಕಾಲೇಜಿನ ದಿನಗಳಲ್ಲಿ ಯೂನಿವರ್ಸಿಟಿ ತಂಡಕ್ಕೆ ಆಡಿದವಳು. ಮಧ್ಯಮ ವೇಗದ ಬೌಲಿಂಗ್, ಆರನೆಯವಳಾಗಿ ಬ್ಯಾಟಿಂಗ್. ಆದ್ದರಿಂದ ಕಟ್ಟೆಯ ಮೇಲೆ ನನಗೂ ಮಾತಾಡುವ ಹಕ್ಕಿದೆ ಎಂದು ನಾನು ತಿಳಿದುಕೊಂಡಿದ್ದೆ.

ಅಪ್ಪನ ದೇವರು ವೆಸ್ಟ್ ಇಂಡೀಸಿನ ಎಡಗೈ ಆಟಗಾರ.

"ಹೊಸಾ ಚೆಂಡು ಕೊಟ್ರ ಸ್ವಿಂಗ್ ಮಾಡ್ತಿದ್ದ, ಹಳೀದು ಕೊಟ್ರ ಸ್ಪಿನ್ ಮಾಡ್ತಿದ್ದ. ಬ್ಯಾಟ್ ಹಿಡದ್ರ ಅಂವನ ಮುಂದ ಯಾರಿದ್ರು ಹೇಳು. ಮ್ಯಾಲೆ ಹಿಡದ ಕ್ಯಾಚ್ ಬ್ಯಾರೆ."

"ಎಲ್ಲಾ ಖರೇ ದೋಸ್ತ," ಎನ್ನುವರು ಚಾಚಾ, ಗಡ್ಡ ನೀವಿಕೊಳ್ಳುತ್ತ. "ಆದ್ರ ಅಂವನ ಕೈಯಾಗಿಂದು ಬ್ಯಾಟ್ ಕಸಗೊ. ಬರೇ ಬೌಲರ್ ಅಂತ ಟೀಮಿನ್ಯಾಗ ಇರ್ತಿದ್ದೇನು? ವರ್ಲ್ಡ್ ಕಪ್ ಗೆದ್ದ ನಮ್ಮ ಕಪ್ತಾನನ್ನ ನೋಡು. ಇಂಥಾ ಸತ್ತ ಪಿಚ್ಚಿನ ಮ್ಯಾಲೆ, ಆ ಕಡೆ ಜೋಡಿಗೆ ನೆಟ್ಟಗ ಒಬ್ಬ ಫಾಸ್ಟ್ ಬೌಲರ್ ಇಲ್ದ, ಬಿಸಿಲಾಗ ಓಡಿ ಓಡಿ ಬಂದು ವಿಕೆಟ್ ತಗದ. ಆಮ್ಯಾಲೆ ಪ್ಯಾಡ್ ಕಟಗೊಂಡು ಬ್ಯಾಟೂ ಬೀಸಿದ."

ಈ ಇಬ್ಬರ ನಡುವೆ ಉಳಿದ ಆಟಗಾರರ ಹೆಸರುಗಳೂ ಬಂದು ಹೋಗುತ್ತಿದ್ದವು. ಪಾಕಿಸ್ತಾನದ ಕಪ್ತಾನ ಬಂದರೆ ಅಪ್ಪ ಅವನ ಕಡೆ ಸ್ವಲ್ಪ ವಾಲುತ್ತಿದ್ದರು. ವಯಸ್ಸಾದಂತೆ ಬ್ಯಾಟಿಂಗ್ ಸುಧಾರಿಸಿಕೊಂಡವನು ಎಂಬ ಕಾರಣಕ್ಕೆ. ಇಂಗ್ಲೆಂಡಿನ ಧಡೂತಿ ಆಳು ಒಂದೇ ಬೇಸಿಗೆಯಲ್ಲಿ ಮ್ಯಾಚಿನ ಮೇಲೆ ಮ್ಯಾಚು ತಿರುಗಿಸಿದ್ದನ್ನು ಇಬ್ಬರೂ ಒಪ್ಪುತ್ತಿದ್ದರು, ಕೊನೆಕೊನೆಗೆ ಅವನು ಸೊರಗಿದ್ದನ್ನೂ ಒಪ್ಪುತ್ತಿದ್ದರು. ನ್ಯೂಜಿಲೆಂಡಿನವನ ಬೌಲಿಂಗಿಗೆ ಕೈಮುಗಿದು, ಬ್ಯಾಟಿಂಗಿಗೆ ತಲೆ ಅಲ್ಲಾಡಿಸುತ್ತಿದ್ದರು. ನನಗೆ ಇಷ್ಟವಾದವನು ದಕ್ಷಿಣ ಆಫ್ರಿಕಾದ ಗಂಭೀರ ಮನುಷ್ಯ. ವರ್ಷಗಟ್ಟಲೆ ಬ್ಯಾಟೂ ಬಾಲೂ ಸಮನಾಗಿ ನಡೆಸಿದವನು. ಅವನ ಹೆಸರೆತ್ತಿದರೆ ಚಾಚಾ ನಗುತ್ತಿದ್ದರು.

"ಅಂವ ಛಲೋ ಆಟಗಾರ ಬೇಟಾ, ಇಲ್ಲ ಅನ್ನಂಗಿಲ್ಲ. ಆದ್ರ ಅಂವನ ಆಟ ನೋಡಿದವರಿಗೆ ಮರುದಿನ ಏನೂ ನೆನಪಿರಂಗಿಲ್ಲ."

ಹೋದ ವರ್ಷ ಮಳೆಗಾಲದ ಒಂದು ಭಾನುವಾರ ಇದೇ ಮಾತು ನಡೆದಿತ್ತು. ಬೆಳಿಗ್ಗೆ ನಮ್ಮ ಹೆಂಗಸರ ತಂಡದ ಅಭ್ಯಾಸ ಮುಗಿಸಿ ಬಂದಿದ್ದೆ. ಶಾಲೆಯ ಇಬ್ಬರು ಟೀಚರು, ಕಾಲೇಜು ಹುಡುಗಿಯರು, ಒಬ್ಬಳು ಬ್ಯೂಟಿ ಪಾರ್ಲರ್ ನಡೆಸುವವಳು, ಹೀಗೆ ಸೇರಿದ ತಂಡ ಅದು. ವರ್ಷಕ್ಕೆ ಒಂದೆರಡು ಸಲ ಇಪ್ಪತ್ತು ಓವರಿನ ಪಂದ್ಯ ಆಡುತ್ತೇವೆ. ಅವತ್ತು ಯಾಕೋ ನಾನು ಕೇಳಿಬಿಟ್ಟೆ.

"ಹೆಂಗಸರೊಳಗ ಯಾರು ದೊಡ್ಡ ಆಲ್‌ರೌಂಡರ್ ಹೇಳ್ರಿ ನೋಡೂಣು."

ಅಪ್ಪ ಚಾಚಾನ ಮುಖ ನೋಡಿದರು. ಚಾಚಾ ಬೀದಿಯ ಕಡೆ ನೋಡಿದರು.

"ಅವರೂ ಟೆಸ್ಟ್ ಆಡ್ಯಾರ, ಗೊತ್ತು," ಎಂದರು ಅಪ್ಪ ಕೊನೆಗೆ. "ಆದ್ರ ಎಷ್ಟ ಆಡ್ಯಾರ? ಒಬ್ಬಾಕಿ ಆಯುಷ್ಯದಾಗ ಕೈಬೆರಳಿನ್ಯಾಗ ಎಣಸೂವಷ್ಟು. ಅಷ್ಟರ ಮ್ಯಾಲೆ ಹೆಂಗ ಹೋಲಿಸೂದು?"

"ಲೆಕ್ಕಕ್ಕ ಸಿಗಂಗಿಲ್ಲ ಬೇಟಾ," ಎಂದರು ಚಾಚಾ, ಪಾಪ, ಮೆತ್ತಗೆ.

ನನಗೆ ಸಿಟ್ಟು ಬಂತು. ಅವರಿಬ್ಬರ ಮೇಲಲ್ಲ, ಅವರು ಹೇಳಿದ್ದು ನಿಜವಾಗಿತ್ತು, ಅದರ ಮೇಲೆ. ಆಡಲು ಕೊಟ್ಟಿದ್ದರೆ ತಾನೇ ಲೆಕ್ಕ? ಮೊದಲ ಇನಿಂಗ್ಸಿನಲ್ಲಿ ಬಿದ್ದವಳು ಎರಡನೆಯದರಲ್ಲಿ ಎದ್ದು ನಿಲ್ಲುತ್ತಾಳೋ ಇಲ್ಲವೋ, ಬೆಳಿಗ್ಗೆಯೆಲ್ಲ ಬೌಲ್ ಮಾಡಿದವಳಿಗೆ ಸಂಜೆ ಬ್ಯಾಟ್ ಎತ್ತಲು ತ್ರಾಣ ಇರುತ್ತದೋ ಇಲ್ಲವೋ, ಯಾರಿಗೆ ಗೊತ್ತಾಗಬೇಕು? ನಾನೂ ಅಷ್ಟು ವರ್ಷ ಆಡಿದೆ. ಎರಡು ಇನಿಂಗ್ಸಿನ ಪಂದ್ಯವನ್ನು ಒಂದು ಸಲವೂ ಆಡಿರಲಿಲ್ಲ.

"ಹಂಗಾರ ನಾವ ಆಡ್ತೀವಿ," ಎಂದೆ. "ಎರಡು ದಿನಾ, ಎರಡು ಇನಿಂಗ್ಸ್. ನೀವು ಬಂದು ನೋಡ್ರಿ."

ಮಾತು ಬಾಯಿಂದ ಬಿದ್ದಾಗಿತ್ತು. ರಾತ್ರಿ ಮಲಗುವ ಮೊದಲೇ ಧಾರವಾಡದ ಗೆಳತಿಗೆ ಫೋನು ಮಾಡಿದೆ. ಯೂನಿವರ್ಸಿಟಿ ತಂಡದಲ್ಲಿ ಅವಳು ಒಂದು ತುದಿಯಿಂದ ಎಡಗೈಯಲ್ಲಿ, ನಾನು ಇನ್ನೊಂದು ತುದಿಯಿಂದ ಬಲಗೈಯಲ್ಲಿ ಹೊಸ ಚೆಂಡು ಹಾಕುತ್ತಿದ್ದೆವು. ಈಗ ಅವಳು ಧಾರವಾಡದ ಅಂಚಿನ ಲಕಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅಲ್ಲಿನ ಹೆಂಗಸರ ತಂಡಕ್ಕೆ ನಾಯಕಿ.

"ಎರಡು ದಿನಾ?" ಎಂದಳು.

"ಹೌದು."

"ಕೆಂಪು ಚೆಂಡು?"

"ಕೆಂಪು ಚೆಂಡು. ಬಿಳೀ ಅರಿವಿ."

ಅವಳ ದನಿ ಬೇರೆಯೇ ಆಯಿತು. "ನಾ ಬರ್ತೀನಿ ಲೇ. ಆದ್ರ ಹೇಳಿರ್ತೀನಿ, ಸೋಲಾಕ ಬರಂಗಿಲ್ಲ."

ಮೈದಾನ ಸಿಗುವುದೇ ಕಷ್ಟವಾಯಿತು. ಮೈದಾನದ ಉಸ್ತುವಾರಿ ನೋಡುತ್ತಿದ್ದ ಗೃಹಸ್ಥರು ಕುರ್ಚಿ ಕೊಟ್ಟು ಕೂಡ್ರಿಸಿ, ನೀರು ಕೊಟ್ಟು, ಬೇಡ ಎಂದರು.

"ಹೆಣ್ಣಮಕ್ಕಳಿಗೆ ಇಪ್ಪತ್ತು ಓವರ್ ಸಾಕಲ್ರಿ ಟೀಚರ. ಎರಡೆರಡು ದಿನಾ ಬಿಸಿಲಾಗ ಹೆಂಗ ನಿಂದ್ರತೀರಿ?"

"ಸರ, ನಿಮ್ಮ ಮಗಳ ಸಾಲಿ ಸ್ಪೋರ್ಟ್ಸ್ ದಿನಾ ಮುಂಜಾನಿಂದ ಸಂಜಿತನಾ ಗ್ರೌಂಡಿನ್ಯಾಗ ಯಾರು ನಿಂದಿರ್ತಾರ?"

"ನೀವ ನಿಂದಿರ್ತೀರಿ," ಎಂದು ನಕ್ಕರು. ದೀಪಾವಳಿ ಮುಗಿದ ಮೇಲಿನ ಒಂದು ಶನಿವಾರ, ಭಾನುವಾರ ಕೊಟ್ಟರು. ಪಿಚ್ಚಿಗೆ ಹಾಸುವ ಹೊಸ ಮ್ಯಾಟನ್ನೂ ತಾವಾಗಿಯೇ ತೆಗೆಸಿಕೊಟ್ಟರು.

ಬಿಳಿ ಬಟ್ಟೆಯ ಒಂದು ಥಾನನ್ನು ಚಾಚಾ ಅಂಗಡಿಯಿಂದ ಕಳಿಸಿದರು. ಅಳತೆ ಕೊಟ್ಟು ಹೊಲಿಸಿಕೊಂಡೆವು. ಅಂಪೈರುಗಳ ಮಾತು ಬಂದಾಗ ಧಾರವಾಡದ ಗೆಳತಿಯೇ ಅಪ್ಪ, ಚಾಚಾ ಇಬ್ಬರನ್ನೂ ಕೇಳಿದಳು. "ನಿಮ್ಮಪ್ಪಾರಂಥ ಖಡಕ್ ಮನಶ್ಯಾ ಬ್ಯಾರೆ ಯಾರು ಸಿಗ್ತಾರ? ಮಗಳಂತ ಬಿಡೂವರಲ್ಲ ಅವರು." ಶಾಲೆಯ ಪ್ರಯೋಗಶಾಲೆಯ ಬಿಳಿ ಕೋಟುಗಳನ್ನು ತಂದುಕೊಟ್ಟೆ. ಚಾಚಾನ ಕೋಟಿನ ಜೇಬಿನ ಹತ್ತಿರ ಆ್ಯಸಿಡ್ ಬಿದ್ದು ಸುಟ್ಟ ತೂತಿತ್ತು. ಅದರೊಳಗೆ ಬೆರಳು ಹಾಕಿ ತೋರಿಸಿ ಎಲ್ಲರನ್ನೂ ನಗಿಸಿದರು.

ಶನಿವಾರ ಬೆಳಿಗ್ಗೆ ಮೈದಾನದ ಬದಿಯ ಬೇವಿನ ಮರದ ಕೆಳಗೆ ನಮ್ಮ ಪಾರ್ಲರಿನ ಹೆಂಗಸು, ಅವಳೇ ನಮ್ಮ ವಿಕೆಟ್ ಕೀಪರ್, ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ತಂಡದ ಎಲ್ಲರ ಜಡೆ ಬಿಗಿದಳು. ಟೋಪಿ ಜಾರಬಾರದೆಂದು. ಆಮೇಲೆ ಧಾರವಾಡದವರೂ ಸಾಲಿಗೆ ಬಂದು ನಿಂತರು. ಅವರ ಜಡೆಯನ್ನೂ ಅಷ್ಟೇ ಬಿಗಿಯಾಗಿ ಹಾಕಿದಳು.

ಟಾಸ್ ಗೆದ್ದು ಧಾರವಾಡದವರು ಬ್ಯಾಟ್ ಮಾಡಿದರು. ಮ್ಯಾಟಿನ ಮೇಲೆ ಚೆಂಡು ಪುಟಿದು ಬರುತ್ತಿತ್ತು. ನನ್ನ ಮೊದಲ ಓವರಿನಲ್ಲೇ ಒಂದು ವಿಕೆಟ್ ಬಿತ್ತು. ಊಟದ ಹೊತ್ತಿಗೆ ಅವರೆಲ್ಲ ಔಟಾದರು. ಗೆಳತಿ ಒಬ್ಬಳೇ ತಂಡದ ಅರ್ಧದಷ್ಟು ರನ್ ಹೊಡೆದಿದ್ದಳು. ಊಟದ ನಂತರ ಅವಳೇ ಚೆಂಡು ಹಿಡಿದು ಬಂದಳು. ನಮ್ಮವರು ಒಬ್ಬರ ಹಿಂದೊಬ್ಬರು ಹೊರಟರು. ನಾನು ಕ್ರೀಸಿಗೆ ಹೋಗಿ ಗಾರ್ಡ್ ತೆಗೆದುಕೊಂಡೆ. ಅಂಪೈರ್ ಅಪ್ಪ.

ಮೊದಲ ಚೆಂಡು ಹೊರಗೆ ಬಿದ್ದಂತೆ ಕಂಡಿತು, ಒಳಗೆ ತಿರುಗಿತು, ಪ್ಯಾಡಿಗೆ ಬಡಿಯಿತು. ಗೆಳತಿ ಇಡೀ ಮೈದಾನ ಕೇಳುವ ಹಾಗೆ ಕೂಗಿದಳು. ಕೂಗು ಮುಗಿಯುವ ಮೊದಲೇ ಅಪ್ಪನ ಬೆರಳು ಮೇಲಿತ್ತು.

"ಅಪ್ಪಾ!" ಎಂದೆ, ಮಕ್ಕಳ ಹಾಗೆ.

"ಔಟ್ ಅಂದ್ರ ಔಟ್. ನಡಿ."

ಧಾರವಾಡದವರು ಬಿದ್ದುಬಿದ್ದು ನಕ್ಕರು. ಚಹಾದ ವಿರಾಮದಲ್ಲಿ ಅವ್ವ ಅಪ್ಪನನ್ನು ಬಿಡಲಿಲ್ಲ. ಎರಡು ದಿನದ ಊಟದ ಬುತ್ತಿಯ ಉಸ್ತುವಾರಿ ಅವ್ವನದು. ನಾನು ಆಡುವುದನ್ನು ಅವಳು ನೋಡಿದ್ದು ಅದೇ ಮೊದಲು. ನಾನು ಆಡುತ್ತಿದ್ದ ಕಾಲದಲ್ಲಿ ಅವಳಿಗೆ ಮನೆ ಬಿಟ್ಟು ಬರಲು ಆಗುತ್ತಿರಲಿಲ್ಲ.

"ಮಗಳಿಗೆ ಒಂದ್ ಚೆಂಡರೆ ಆಡಾಕ ಬಿಡಬಾರದಿತ್ತೇನ್ರಿ?"

"ಅದು ನೆಟ್ಟಗ ಮಿಡ್ಲ್ ಸ್ಟಂಪಿಗೆ ಹೊಂಟಿತ್ತು."

"ನಡುವಿನ ಕಟಗಿಗೆ ಹೊಂಟಿತ್ತಂತ. ಬಡೀಲಿಲ್ಲಲ್ಲ?"

ಅಪ್ಪ ಚಹಾದ ಕಪ್ಪು ಹಿಡಿದು ಚಾಚಾನ ಕಡೆ ಸರಿದರು. ಅದು ಖಂಡಿತ ಔಟೇ ಆಗಿತ್ತು, ನನಗೂ ಗೊತ್ತಿತ್ತು. ಇಪ್ಪತ್ತು ಓವರಿನ ಆಟದಲ್ಲಾಗಿದ್ದರೆ ನನ್ನ ಬ್ಯಾಟಿಂಗ್ ಅಲ್ಲಿಗೇ ಮುಗಿಯುತ್ತಿತ್ತು. ಸೊನ್ನೆ ಹೊತ್ತುಕೊಂಡು ಮನೆಗೆ ಹೋಗುತ್ತಿದ್ದೆ. ಪೆವಿಲಿಯನ್ನಿನ ಮೆಟ್ಟಿಲ ಮೇಲೆ ಕೂತು ಪ್ಯಾಡ್ ಬಿಚ್ಚುವಾಗ ಹೊಳೆಯಿತು, ನಾಳೆ ಇನ್ನೊಂದು ಸಲ ಬ್ಯಾಟ್ ಹಿಡಿಯುತ್ತೇನೆ. ಅಷ್ಟು ವರ್ಷದ ಆಟದಲ್ಲಿ ಆ ವಿಚಾರ ತಲೆಗೆ ಬಂದದ್ದು ಅವತ್ತೇ. ಸೊನ್ನೆಗೆ ಔಟಾದ ದಿನ ನಾನು ಅಷ್ಟು ಖುಷಿಯಾಗಿ ಎಂದೂ ಇದ್ದಿರಲಿಲ್ಲ.

ನಾವು ನಲವತ್ತು ರನ್ ಹಿಂದೆ ಉಳಿದೆವು. ಸಂಜೆ ಆಟ ನಿಲ್ಲುವ ಹೊತ್ತಿಗೆ ಧಾರವಾಡದ ಎರಡನೇ ಇನಿಂಗ್ಸ್ ಗಟ್ಟಿಯಾಗಿ ನಡೆದಿತ್ತು. ಗೆಳತಿ ಇನ್ನೂ ಔಟಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಎದ್ದಾಗ ತೊಡೆ ಕಲ್ಲಾಗಿತ್ತು, ಬಲಗೈ ಭುಜದಿಂದ ಮೇಲೆ ಏಳಲಿಲ್ಲ. ಮೈದಾನಕ್ಕೆ ಬಂದು ನೋಡಿದರೆ ಎಲ್ಲರದೂ ಅದೇ ಅವಸ್ಥೆ. ಧಾರವಾಡದಿಂದ ಬಂದ ಟೆಂಪೋದಿಂದ ಅವರು ಇಳಿದ ರೀತಿ ನೋಡಿ ನಮಗೆ ಧೈರ್ಯ ಬಂತು. ಇಬ್ಬನಿ ಆರುವ ಮೊದಲೇ ನಾನು ಚೆಂಡು ಕೈಗೆತ್ತಿಕೊಂಡೆ. ಮೊದಮೊದಲು ಚೆಂಡು ಎತ್ತೆತ್ತಲೋ ಹೋಯಿತು. ಹತ್ತು ನಿಮಿಷಕ್ಕೆ ಬೆವರು ಬಂತು, ಬೆವರಿನ ಜೊತೆ ಲಯವೂ ಬಂತು. ಒಂದೇ ತುದಿಯಿಂದ ಬಿಡದೆ ಹಾಕಿದೆ. ನಡುವೆ ಚಾಚಾ ನನ್ನ ಟೋಪಿ ಹಿಡಿದುಕೊಂಡು, ತುಟಿ ಅಲ್ಲಾಡಿಸದೆ ಕೇಳಿದರು, "ಸಾಕಾತೇನ ಬೇಟಾ?"

"ಇಲ್ರಿ ಚಾಚಾ."

"ಹಂಗಾರ ಹಾಕು."

ಗೆಳತಿ ನನ್ನ ಎಲ್ಲ ಆಟ ಬಲ್ಲವಳು. ನಾನು ಒಳಗೆ ತರುವುದನ್ನೇ ಕಾಯುತ್ತಿದ್ದಳು. ಅದಕ್ಕೇ ಒಂದು ಚೆಂಡನ್ನು ಬೆರಳು ಅಡ್ಡ ಹಿಡಿದು ನಿಧಾನಕ್ಕೆ ಬಿಟ್ಟೆ. ಬ್ಯಾಟು ಮೊದಲು ಹೋಯಿತು, ಚೆಂಡು ಹಿಂದಿನಿಂದ ಬಂತು, ಆಫ್ ಸ್ಟಂಪು ನೆಲಕ್ಕೆ ಉರುಳಿತು. ಯಾವ ಅಂಪೈರಿನ ಬೆರಳೂ ಬೇಕಾಗಲಿಲ್ಲ. ಅವಳು ಉರುಳಿದ ಸ್ಟಂಪು ನೋಡಿದಳು, ನನ್ನನ್ನು ನೋಡಿದಳು. "ಇದನ್ನ ಯಾವಾಗ ಕಲ್ತಿಯಲೇ?" ಎಂದಳು. ಶಾಲೆಯ ಹುಡುಗಿಯರಿಗೆ ಕಲಿಸುತ್ತ ಕಲಿತದ್ದು ಎಂದು ಹೇಳುವಷ್ಟು ಉಸಿರು ನನಗೆ ಉಳಿದಿರಲಿಲ್ಲ.

ಊಟಕ್ಕೆ ಮೊದಲೇ ಉಳಿದವರನ್ನು ಮುಗಿಸಿದೆವು. ಗೆಲ್ಲಲು ನೂರರ ಮೇಲೆ ಸ್ವಲ್ಪ ಬೇಕಿತ್ತು. ಬೇವಿನ ನೆರಳಿನಲ್ಲಿ ಅವ್ವ ಎರಡೂ ತಂಡಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸುತ್ತಿದ್ದಳು. ಆಗ ಪಕ್ಕದಿಂದ ದನಿ ಏರಿತು. ಅಂಪೈರುಗಳಿಬ್ಬರೂ ತಾಟು ಹಿಡಿದುಕೊಂಡೇ ಜಗಳಕ್ಕೆ ನಿಂತಿದ್ದರು.

"ಧಾರವಾಡದ ಹುಡುಗಿ ಖರೇ ಆಲ್‌ರೌಂಡರ್," ಎನ್ನುತ್ತಿದ್ದರು ಅಪ್ಪ. "ಆಕಿ ಬ್ಯಾಟ್ ಕಸಗೊ, ಬೌಲರ್ ಅಂತ ಆಡ್ತಾಳ. ಚೆಂಡು ಕಸಗೊ, ಬ್ಯಾಟರ್ ಅಂತ ಆಡ್ತಾಳ."

"ನಿನ್ನ ಮಗಳ ಬೌಲಿಂಗ್ ನೋಡಿದಿಲ್ಲೋ? ಮುಂಜಾನಿಂದ ಒಂದ ತುದಿಯಿಂದ ಹಾಕ್ಯಾಳ!"

"ಹಾಕ್ಯಾಳ. ಬ್ಯಾಟಿಂಗ್? ಸೊನ್ನಿ!"

"ನೀನ ಔಟ್ ಕೊಟ್ಟಿ. ಎರಡನೇ ಇನಿಂಗ್ಸ್ ಐತಿ, ನಿಂದ್ರು."

ನಾನೂ ಗೆಳತಿಯೂ ಒಂದೇ ಚಾಪೆಯ ಮೇಲೆ ಕೂತು ಉಣ್ಣುತ್ತಿದ್ದೆವು. ಅವಳು ನನ್ನನ್ನು ಮೊಣಕೈಯಿಂದ ತಿವಿದಳು. ಕಟ್ಟೆಯ ಮೇಲೆ ಕೂತು ಯಾರು ನಮ್ಮದು ಲೆಕ್ಕಕ್ಕೇ ಸಿಗುವುದಿಲ್ಲ ಎಂದಿದ್ದರೋ, ಅದೇ ಇಬ್ಬರು, ಅದೇ ಮಾತಿನಲ್ಲಿ, ಅದೇ ಏರುದನಿಯಲ್ಲಿ ನಮ್ಮಿಬ್ಬರನ್ನು ತೂಗುತ್ತಿದ್ದರು. ಅವರಿಗೆ ಅದರ ಪರಿವೆಯೂ ಇರಲಿಲ್ಲ. ನಾನು ಮುಖ ಆ ಕಡೆ ತಿರುಗಿಸಿ ನೀರು ಕುಡಿದೆ.

"ಅಳಬ್ಯಾಡ," ಎಂದಳು ಗೆಳತಿ. "ಇನ್ನ ಅರ್ಧಾ ತಾಸಿಗೆ ನಿನ್ನ ಔಟ್ ಮಾಡೂದೈತಿ."

ಅವಳು ಮಾಡಲಿಲ್ಲ. ಕಷ್ಟಪಟ್ಟಳು, ಕಷ್ಟ ಕೊಟ್ಟಳು. ಒಂದು ಚೆಂಡು ಪಕ್ಕೆಗೆ ಬಡಿದು ನಾನು ಮಂಡಿಯೂರಿದೆ. ಓಡಿ ಬಂದು ನೀರು ಕೊಟ್ಟವಳೂ ಅವಳೇ. ಇನ್ನೊಂದು ಚೆಂಡು ಮತ್ತೆ ಪ್ಯಾಡಿಗೆ ಬಡಿದಾಗ ಅಪ್ಪನ ಕಡೆ ನೋಡುವ ಧೈರ್ಯ ನನಗಾಗಲಿಲ್ಲ. ಎಲ್ಲರೂ ಕೂಗಿದರು. "ಲೆಗ್ ಸ್ಟಂಪ್ ಹೊರಗ," ಎಂಬ ಮಾತು ಕೇಳಿದ ಮೇಲೆ ಉಸಿರು ಬಿಟ್ಟೆ. ಆ ತುದಿಯಲ್ಲಿ ನಮ್ಮವರು ಬರುತ್ತಿದ್ದರು, ಹೋಗುತ್ತಿದ್ದರು. ನಾನು ಮಾತ್ರ ಕಣ್ಣ ಮುಂದಿನ ಚೆಂಡೊಂದನ್ನೇ ನೋಡುತ್ತ ನಿಂತೆ. ಬಿಡಬೇಕಾದ ಚೆಂಡನ್ನು ಬಿಟ್ಟೆ, ಸಿಕ್ಕ ಚೆಂಡನ್ನು ಬಡಿದೆ. ಅರ್ಧ ಶತಕ ಆದಾಗ ಠಣಠಣ ಸದ್ದು ಕೇಳಿತು. ತಿರುಗಿದರೆ ಅವ್ವ ತಾಟು, ಚಮಚ ಹಿಡಿದು ಬಾರಿಸುತ್ತಿದ್ದಾಳೆ.

ಕೊನೆಯ ಜೋಡಿಯಾಗಿ ನಮ್ಮ ಕೀಪರ್ ಬಂದಳು. ಇನ್ನೂ ಒಂಬತ್ತು ರನ್ ಬೇಕು.

"ಟೀಚರ, ನನಗ ಬ್ಯಾಟಿಂಗ್ ಬರಂಗಿಲ್ಲ, ನಿಮಗ ಗೊತ್ತೈತಿ."

"ಎರಡು ದಿನಾ ಸ್ಟಂಪಿನ ಹಿಂದ ಕುಂತು ಎಷ್ಟ ಚೆಂಡು ಹಿಡದಿ?"

"ಎಲ್ಲಾ."

"ಹಂಗ ನೋಡು. ಕೈ ಇಡೂ ಜಾಗಾದಾಗ ಬ್ಯಾಟ್ ಇಡು. ಮತ್ತೇನೂ ಮಾಡಬ್ಯಾಡ."

ಅವಳು ಹಾಗೆಯೇ ಮಾಡಿದಳು. ಒಂದು ಓವರ್ ಪೂರ್ತಿ ಚೆಂಡನ್ನು ಬ್ಯಾಟಿನಿಂದ ಹಿಡಿದಳು ಎಂದೇ ಹೇಳಬೇಕು. ಆ ತುದಿಯಿಂದ ನಾನು ಒಂದು ಫೋರ್ ಹೊಡೆದೆ, ಆಮೇಲೆ ಎರಡು ರನ್ ಓಡಿದೆವು. ಮೂರು ಬೇಕಿತ್ತು. ಗೆಳತಿ ಕೊನೆಯ ಸಲ ಓಡಿ ಬಂದಳು, ಸೋತ ಕಾಲುಗಳಲ್ಲಿ ಉಳಿದ ಬಲವನ್ನೆಲ್ಲ ಹಾಕಿ. ಒಳ್ಳೆಯ ಚೆಂಡು, ಸ್ವಲ್ಪ ಹೊರಗೆ, ಬೇಗ ಬಂತು. ನಮ್ಮ ಕೀಪರ್ ಅದನ್ನು ಹಿಡಿಯುವವಳ ಹಾಗೆ ಕೊನೆಯ ಗಳಿಗೆವರೆಗೆ ಕಾದಳು, ಬ್ಯಾಟಿನ ಮುಖ ಸ್ವಲ್ಪ ಓರೆ ಮಾಡಿದಳು. ಚೆಂಡು ಸ್ಲಿಪ್ಪಿನವಳ ಬಲಕ್ಕೆ ಜಾರಿ, ಹುಲ್ಲಿಲ್ಲದ ನೆಲದ ಮೇಲೆ ಸರ್ರನೆ ಗೆರೆ ದಾಟಿತು.

ಅವಳು ಓಡುತ್ತಲೇ ಇದ್ದಳು. "ಫೋರ್ ಹೋತು, ನಿಂದ್ರ!" ಎಂದು ನಾನು ಕೂಗಿದರೂ ಕೇಳಲಿಲ್ಲ, ಎರಡು, ಮೂರು ರನ್ ಓಡಿ ನನ್ನ ಮೇಲೆಯೇ ಬಂದು ಬಿದ್ದಳು. ಬೇವಿನ ಕೆಳಗಿನಿಂದ ಎಲ್ಲರೂ ಓಡಿ ಬಂದರು. ಅಪ್ಪ ಬೇಲ್ಸು ತೆಗೆಯುವುದನ್ನು ಮರೆತು ಚಾಚಾನನ್ನು ತಬ್ಬಿಕೊಂಡಿದ್ದರು. ಗೆಳತಿ ಪಿಚ್ಚಿನ ಮೇಲೆ ಕಾಲು ಚಾಚಿ ಕೂತಿದ್ದಳು. ನಾನು ಕೈ ಕೊಟ್ಟು ಎಬ್ಬಿಸಿದೆ. ಅವಳು ನಗುತ್ತಿದ್ದಳು, ಕಣ್ಣು ಒದ್ದೆಯಾಗಿತ್ತು. "ಸೋತರೂ ಹೊಟ್ಟಿ ತುಂಬೇತಿ ನೋಡಲೇ," ಎಂದಳು.

ಹೊತ್ತು ಮುಳುಗುವ ಮೊದಲು ಧಾರವಾಡದವರ ಟೆಂಪೋದಲ್ಲೇ ನಾವೂ ಹತ್ತಿದೆವು. ಅವರು ಊರಿಗೆ ಹೋಗುವ ದಾರಿಯಲ್ಲಿ ನಮ್ಮನ್ನು ಇಳಿಸಿ ಹೋಗುವವರು. ಬಿಳಿ ಬಟ್ಟೆಯೆಲ್ಲ ಮಣ್ಣು, ಮೊಣಕಾಲೆಲ್ಲ ಮಣ್ಣು. ಎರಡೂ ತಂಡದವರು ಸೇರಿ ಹಾಡು ಹೇಳುತ್ತಿದ್ದೆವು. ಅವ್ವ ಮುಂದಿನ ಸೀಟಿನಲ್ಲಿ ಕೂತು ತಾಟಿನ ಮೇಲೆ ತಾಳ ಹಾಕುತ್ತಿದ್ದಳು. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಪಕ್ಕದ ಬಸ್ಸಿನ ಕಿಟಕಿಯಿಂದ ಒಬ್ಬ ಅಜ್ಜಿ ತಲೆ ಹೊರಹಾಕಿ ಕೇಳಿದಳು.

"ಯಾರ ಲಗ್ನಕ್ಕ ಹೊಂಟೀರೆವಾ?"

ನಾನು ಬಾಯಿ ತೆಗೆಯುವಷ್ಟರಲ್ಲಿ ಅವ್ವ ಎದ್ದು ನಿಂತು, ಕಿಟಕಿಯಿಂದ ಅರ್ಧ ಹೊರಗೆ ಬಾಗಿ, ಬಸ್ಸಿನವರಿಗೆಲ್ಲ ಕೇಳುವಂತೆ ಕೂಗಿದಳು.

"ಲಗ್ನ ಅಲ್ಲಬೇ, ಮ್ಯಾಚ್! ನನ್ನ ಮಗಳು ಎರಡು ದಿನಾ ಆಡಿ ಗೆದ್ದಾಳ!"